ಕೊಳೆಯದ ಚೀಲ

ಕಬ್ಬಿನ ಹೊಲಕ್ಕೆ ಗೊಬ್ಬರ ಹರವುತ್ತಿದ್ದ ಕೆಂಚವ್ವನ ಸಲಿಕೆಗೆ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಚೀಲವೊಂದು ಸಿಕ್ಕಿತು. ಹೋದ ವರ್ಷ ಬಸಿರಿ ಸೊಸೆಯ ಕುಬಸದ ಶಾಸ್ತ್ರಕ್ಕೆ ಮೀರಜಿನಿಂದ ಸೀರೆ ತಂದ ಚೀಲ! ಸೆಗಣಿ, ಕಸಕಡ್ಡಿ ಎಲ್ಲ ಕೊಳೆತು ಕರ್ರಗಿನ ಗೊಬ್ಬರವಾಗಿದ್ದರೂ ಇದರ ಮೇಲಿನ ಅಕ್ಷರ ಸಹ ಮಾಸಿರಲಿಲ್ಲ. ಕೆದಕಿದಂತೆಲ್ಲ ಮತ್ತಷ್ಟು ಬಂದವು: ಸಕ್ಕರೆಯದು, ಎಣ್ಣೆಯದು, ಖಾರದ ಶೇವಿನದು.

"ಯಾವಾಕಿ ಬೇ ನನ್ನ ತಿಪ್ಪಿಗೆ ಇದನ್ನ ಒಗದಾಕಿ? ಇದನ್ನ ತಿಂದು ಕಬ್ಬು ಬೆಳೀತೈತೇನ?"

ಸೊಸೆ ಸಕ್ಕುಬಾಯಿ ಬುಟ್ಟಿ ಇಳಿಸಿದಳು. "ದಿನಾ ಮುಂಜಾನೆ ಕಸ ಒಯ್ದು ತಿಪ್ಪಿಗೆ ಸುರಿಯಾವ್ರು ನೀವ ಅಲ್ರೀ, ಅತ್ತಿ?"

ನಲವತ್ತು ವರ್ಷ ಕೆಂಚವ್ವ ಸುರಿದದ್ದನ್ನೆಲ್ಲ ತಿಪ್ಪೆ ನುಂಗಿ ಗೊಬ್ಬರ ಮಾಡಿ ಕೊಟ್ಟಿತ್ತು. ಕಸದ ಬುಟ್ಟಿಯಲ್ಲಿ ಏನಿದೆಯೆಂದು ಅವಳು ನೋಡಿದ್ದೇ ಇಲ್ಲ.

ಅಷ್ಟರಲ್ಲಿ ಮಗ ಲಗಮಣ್ಣ ಮುಗಳಖೋಡದ ಸಂತೆ ಮುಗಿಸಿ ಸೈಕಲ್ಲಿನಿಂದ ಇಳಿದ. ಹ್ಯಾಂಡಲ್ಲಿಗೆ ಮತ್ತೆ ಅಂಥವೇ ನಾಲ್ಕು ಚೀಲ ತೂಗುತ್ತಿದ್ದವು. ಕೆಂಚವ್ವ ಸಕ್ಕರೆಯ ಚೀಲ ಕಸಿದುಕೊಂಡು, ಸೆರಗೊಡ್ಡಿ, ಅಷ್ಟೂ ಸಕ್ಕರೆಯನ್ನು ಅದರೊಳಗೆ ಸುರಿದುಕೊಂಡಳು. ಬರಿದಾದ ಚೀಲವನ್ನು ಮಗನ ಮುಖದ ಮುಂದೆ ಹಿಡಿದಳು.

"ಸಂತ್ಯಾಗ ಕೊಟ್ಟ ಅಂಗಡ್ಯಾವಗ ಇದನ್ನ ತಿರುಗಿ ಕೊಟ್ಟು ಬಾ. ಯಾಕ ಅಂತ ಕೇಳಿದ್ರ, ನಮ್ಮ ತಿಪ್ಪಿ ಸೈತ ಒಲ್ಲೆ ಅನ್ನಾಕತ್ತೈತಿ ಅಂತ ಹೇಳು."