ಒಣಗಬಾರದ ಮಣ್ಣು

ವಾರಿಜ ಬಟ್ಟೆಗಳನ್ನು ನೀರಲ್ಲಿ ಅದ್ದಿ, ಹಿಂಡಿ, ದುಡಿಯುವ ಹೆಣ್ಣಿನ ಮಣ್ಣಿನ ಪ್ರತಿಮೆಗೆ ಹೊದಿಸುತ್ತಿದ್ದಳು. ಒಣಗಿದರೆ ಮಣ್ಣು ಬಿರುಕು ಬಿಡುತ್ತದೆ. ನಾಡಿದ್ದು ಬರುವ ಆಯ್ಕೆ ಸಮಿತಿ ಒಪ್ಪಿದರೆ, ಇದೇ ಕಂಚಾಗಿ ಊರಿನ ದೊಡ್ಡ ಸರ್ಕಲ್ಲಿನಲ್ಲಿ ನಿಲ್ಲುತ್ತದೆ. ಶಿಲ್ಪಿ ಗಂಡನ ಕೈಗೆ ಒಲಿಯದ ಮುಖವನ್ನು ಅವಳೇ ತಿದ್ದಿ ತೀಡಿ ಮಾಡಿದ್ದಳು.

ಪ್ರಶಸ್ತಿ ಪಡೆಯಲು ಹೋಗಿದ್ದ ಗಂಡನ ಫೋನ್ ಬಂತು.

"ಟೀವೀಲಿ ನನ್ನ ಮಾತು ಕೇಳಿದ್ಯಾ?"

"ಕೇಳ್ದೆ. ಮನೇಲಿ ಕಲೆ ಗೊತ್ತಿರೋರು ಯಾರೂ ಇಲ್ಲ ಅಂದ್ರಿ."

"ಅಯ್ಯೋ, ಅದೆಲ್ಲ ಮಾತಿಗೆ ಕಣೇ! ಆ ಮುಖದ ವಿಷ್ಯ ಮಾತ್ರ ಸಮಿತಿಯೋರ ಮುಂದೆ ಬಾಯಿ ಬಿಡ್ಬೇಡ. ಬಟ್ಟೆ ಹಸಿಯಾಗಿದೆ ತಾನೇ?"

"ಹೂಂ ರೀ."

ಫೋನಿಟ್ಟು, ಪ್ರತಿಮೆಗೆ ಹೊದಿಸಿದ್ದ ಬಟ್ಟೆಗಳನ್ನೆಲ್ಲ ತೆಗೆದು ಹಿತ್ತಲಿನ ತಂತಿಯ ಮೇಲೆ ಬಿಸಿಲಿಗೆ ಹರವಿದಳು.