ಏಳು ಗುರಿಕಾರರ ಮುಂದೆ ಹೇಳಿದ ಹೆಸರು

ಈಗ ನಾನಿರುವ ಕೊಲ್ಲಿ ದೇಶದ ಫಹಾಹೀಲಿನ ಬಂದರಿನಲ್ಲಿ ಮರದ ದೋಣಿಗೆ ಮೀನೆಣ್ಣೆ ಬಳಿಯುವ ವಾಸನೆ ಬಂದರೆ, ನಾನು ಯಾರಿಗೂ ಹೇಳದ ಆ ಮಧ್ಯಾಹ್ನ ಈ ವಯಸ್ಸಿನಲ್ಲೂ ನೆನಪಾಗುತ್ತದೆ.

ನಮ್ಮ ಕಡಲತೀರದ ಏಳು ಊರುಗಳಿಗೆ ಏಳು ಗುರಿಕಾರರು, ಅಂದರೆ ಊರಿನ ಯಜಮಾನರು. ಅವರು ಒಟ್ಟಿಗೆ ಕುಳಿತು ಕಡಲಿಗೆ ಹೋಗಬಾರದೆಂದರೆ, ಅವರೇ ಬಿಡುವವರೆಗೆ ಯಾರೂ ದೋಣಿ ಇಳಿಸುವಂತಿರಲಿಲ್ಲ. ಆ ಸಲ ಯಾರೋ ಇಳಿಸಿದ್ದರು. ಗುರಿಕಾರರು ಒಂದೊಂದೇ ದೋಣಿಯ ಅಡಿ ಮುಟ್ಟಿ, ಬಲೆ ಮೂಸಿ ನೋಡಿದರು. ಎರಡು ದೋಣಿಗಳು ಒದ್ದೆಯಿದ್ದವು: ಅಪ್ಪನದು, ನೆರೆಮನೆಯ ಸೋಮಣ್ಣನದು.

"ಎಣ್ಣಿ ಹಚ್ಚುಕೆ ತೊಳ್ದದ್ದ್ ಮಾರಾಯ್ರೆ," ಎಂದ ಸೋಮಣ್ಣ.

"ನಾನೂ ಅಷ್ಟೇ," ಎಂದರು ಅಪ್ಪ.

"ಇಬ್ರೂ ಒಂದೇ ದಿನ ತೊಳುದಾ? ಕಡ್ಲೇ ನಗಾಡತ್ತ್!" ದೊಡ್ಡ ಗುರಿಕಾರರು ನನ್ನತ್ತ ತಿರುಗಿದರು. "ಮಕ್ಳ್ ಸುಳ್ಳ್ ಹೇಳುದಿಲ್ಲ. ಯಾರ್ ಹೋದದ್ದ್ ಮಗಾ?"

ಬೆಳಿಗ್ಗೆ ಅಪ್ಪ ತಂದ ಬಂಗುಡೆ ಮೀನಿನ ರುಚಿ ಇನ್ನೂ ನನ್ನ ನಾಲಿಗೆಯಲ್ಲಿತ್ತು. ಅಪ್ಪ ಮರಳನ್ನೇ ನೋಡುತ್ತಿದ್ದರು.

"ಸೋಮಣ್ಣ," ಎಂದೆ.

ಏಳೂ ಊರಿನಲ್ಲಿ ಅವನ ಮನೆಗೆ ಯಾರೂ ಬೆಂಕಿ, ನೀರು ಕೊಡಬಾರದೆಂದು ಗುರಿಕಾರರು ತೀರ್ಮಾನಿಸಿದರು. ಸಂಜೆ ಅವನ ಹೆಂಡತಿ ಕೊಡ ಹಿಡಿದು ನಮ್ಮ ಬಾವಿಗೆ ಬಂದಳು. ನೀರು ಕೊಡುವುದಿಲ್ಲವೆಂದು ಹೇಳಲು ಅಪ್ಪ ನನ್ನನ್ನೇ ಕಳುಹಿಸಿದರು.