ಆಂಕೊರೇಜಿನ ಒಂದು ಗಂಟೆ

ವಿಮಾನ ನಿಲ್ದಾಣದ ಶೌಚಾಲಯದ ಕನ್ನಡಿಯ ಮುಂದೆ ನಿಂತು ಸುಯೆ ಗದ್ದದ ಮಚ್ಚೆಯನ್ನು ಕಾಡಿಗೆ ಕಡ್ಡಿಯಿಂದ ತಿದ್ದುತ್ತಿದ್ದಳು. ಮೊಣಕೈಯಲ್ಲಿ ಕೈಚೀಲ ಜೋತಾಡುತ್ತಿತ್ತು. ಅದನ್ನು ಕೆಳಗಿಡಲು ಅವಳಿಗೆ ಮನಸ್ಸಿರಲಿಲ್ಲ.

"ಈ ವಯಸ್ಸಲ್ಲಿ ಯಾರಿಗೆ ತೋರ್ಸೋಕೆ ಅಜ್ಜಿ, ಅಲಂಕಾರ?" ಪಕ್ಕದ ನಲ್ಲಿಯಲ್ಲಿ ಬಾಯಿ ಮುಕ್ಕಳಿಸುತ್ತಿದ್ದ ಇಕು ನಕ್ಕಳು. ರೈತರ ಸಹಕಾರ ಸಂಘದ ಯುರೋಪ್ ಪ್ರವಾಸದಲ್ಲಿ ಪರಿಚಯವಾದವಳು ಅವಳು. ಟೋಕಿಯೊದಿಂದಲೂ ಪಕ್ಕದ ಸೀಟಿನಲ್ಲಿದ್ದಳು.

"ಪ್ಯಾರಿಸ್ಸಿನ ಮುದುಕರಿಗೆ."

"ಗದ್ದೆ ಮಾರಿ ಮೂರನೇ ಸಲ ಗೋಪುರ ನೋಡೋಕೆ ಹೊರಟಿದ್ದೀರಂತಲ್ಲ! ಹೋದ್ಸಲ ಎಲ್ಲಿತ್ತೋ ಅಲ್ಲೇ ಇರುತ್ತೆ ಬಿಡಿ ಅದು."

ಸುಯೆಯೂ ನಕ್ಕಳು. ಆ ಗೋಪುರ ಹೇಗಿತ್ತೆಂದು ಅವಳಿಗೆ ನೆನಪಿರಲಿಲ್ಲ. ಅವಳ ಪ್ರವಾಸ ಇಲ್ಲಿಗೇ, ಆಂಕೊರೇಜಿಗೇ ಮುಗಿಯುತ್ತಿತ್ತು.

ಸೋವಿಯತ್ತಿನ ಆಕಾಶ ಮುಚ್ಚಿತ್ತು. ಯುರೋಪಿಗೆ ಹೊರಟ ಜಪಾನಿನ ವಿಮಾನಗಳು ಸೈಬೀರಿಯಾದ ಮೇಲೆ ಹಾರುವಂತಿರಲಿಲ್ಲ. ಧ್ರುವದ ಕಡೆಯಿಂದ ಸುತ್ತಿಕೊಂಡು ಹೋಗಬೇಕು, ದಾರಿಯಲ್ಲಿ ಅಲಾಸ್ಕಾದಲ್ಲಿಳಿದು ಇಂಧನ ತುಂಬಿಸಿಕೊಳ್ಳಬೇಕು. ಆ ಒಂದು ಗಂಟೆ ಪ್ರಯಾಣಿಕರು ಗಾಜಿನ ಹಜಾರದಲ್ಲಿ ಅಡ್ಡಾಡುತ್ತಿದ್ದರು, ಮೀನು ಕೊಳ್ಳುತ್ತಿದ್ದರು, ಬಿಸಿ ಊದೊನ್ ಶಾವಿಗೆ ತಿನ್ನುತ್ತಿದ್ದರು. ಪಾಸ್‌ಪೋರ್ಟ್ ಯಾರೂ ಕೇಳುತ್ತಿರಲಿಲ್ಲ. ಹಾಗಾಗಿ ಅದು ಅಮೆರಿಕದ ನೆಲ ತುಳಿದ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಆ ಲೆಕ್ಕ ಮುಖ್ಯವಾಗಿತ್ತು. ಊದೊನ್ ಅಂಗಡಿಯ ನೊರಿಯೆ ಹರೆಯದಲ್ಲಿ ಅಮೆರಿಕದ ಸೈನಿಕನೊಬ್ಬನ ಕೈ ಹಿಡಿದು ಊರು ಬಿಟ್ಟವಳು. "ಅವಳು ಸತ್ತಳು. ಈ ಮನೆಯವರು ಯಾರೂ ಆ ದೇಶದ ಮಣ್ಣು ಮೆಟ್ಟಕೂಡದು" ಎಂದು ನೊರಿಯೆಯ ಅಪ್ಪ ಮನೆದೇವರ ಮುಂದೆ ಆಣೆ ಹಾಕಿಸಿದ್ದ. ಅವಳ ಕಾಗದಗಳೆಲ್ಲ ಒಲೆ ಸೇರಿದವು. ಎಷ್ಟೋ ವರ್ಷಗಳ ಮೇಲೆ ಪ್ರವಾಸದಿಂದ ಮರಳಿದ ನೆರೆಯವಳೊಬ್ಬಳು ಹಿತ್ತಿಲಿಗೆ ಬಂದು ಪಿಸುಗುಟ್ಟಿದಳು: "ಆಂಕೊರೇಜಿನಲ್ಲಿ ನೊರಿಯೆನ ನೋಡ್ದೆ." ಅದೇ ಶರತ್ಕಾಲದಲ್ಲಿ ಸುಯೆ ಮೊದಲ ಸಲ ವಿಮಾನ ಹತ್ತಿದ್ದಳು.

ಅಂದು ಅವಳನ್ನು ಕಂಡದ್ದೇ ನೊರಿಯೆಯ ಕೈಯಿಂದ ಸೌಟು ಜಾರಿತ್ತು. ಕಣ್ಣು ತುಂಬಿದರೂ ಬಾಯಿ ತೆರೆಯಲಿಲ್ಲ. ಗುಂಪಿನಲ್ಲಿ ಯಾರು ಅಪ್ಪನ ಕಿವಿಗೆ ಸುದ್ದಿ ಮುಟ್ಟಿಸುವರೋ. ಬಟ್ಟಲು ಮುಂದಿಟ್ಟು, ಸುಯೆಯ ಮುಖದಲ್ಲಿ ಏನನ್ನೋ ಹುಡುಕುವಂತೆ ನೋಡುತ್ತಾ ನಿಂತಳು. ಸುಯೆ ಒಂದೇ ಒಂದು ಮಾತು ಹೇಳಿಹೋಗಲು ಬಂದಿದ್ದಳು. ಆ ನೋಟದ ಮುಂದೆ ನಾಲಿಗೆ ಏಳಲಿಲ್ಲ. ಮರುವರ್ಷ ಮುಖ ತಿದ್ದಿಕೊಂಡು ಹೋದಳು. ಆಗಲೂ ಏಳಲಿಲ್ಲ.

ಇವತ್ತು ಕೊನೆಯ ಸಲ. ಇಳಿಯುವ ಮುಂಚೆಯೇ ಪ್ರವಾಸದ ಮೇಲ್ವಿಚಾರಕ ಎದ್ದು ನಿಂತು ಕೂಗಿದ್ದ: "ಶುಭ ಸಮಾಚಾರ! ಸೋವಿಯತ್ತಿನವರು ಆಕಾಶ ಬಿಟ್ಟುಕೊಟ್ಟಿದ್ದಾರೆ. ಮುಂದಿನ ವರ್ಷದಿಂದ ಸೈಬೀರಿಯಾ ಮೇಲೆ ನೆಟ್ಟಗೆ ಪ್ಯಾರಿಸ್! ಈ ಆಂಕೊರೇಜಿನ ತಾಪತ್ರಯ ಮುಗೀತು." ವಿಮಾನವೆಲ್ಲ ಚಪ್ಪಾಳೆ ತಟ್ಟಿತು. ಸುಯೆಯ ಎರಡೂ ಕೈ ಕೈಚೀಲದ ಮೇಲಿದ್ದವು.

ನೊರಿಯೆ ಅವಳಿಗೆಂದೇ ಮೂಲೆಯ ಜಾಗ ಕಾದಿರಿಸಿದ್ದಳು. ಉಳಿದವರ ಬಟ್ಟಲಿಗೆಲ್ಲ ಹಿಡಿ ಹಿಡಿ ಈರುಳ್ಳಿ ಸೊಪ್ಪು ಉದುರಿಸಿದಳು. ಸುಯೆಯ ಬಟ್ಟಲಿಗೆ ಒಂದೆಸಳೂ ಇಲ್ಲ. ಪ್ರತಿ ವರ್ಷವೂ ಹಾಗೇ. ಈರುಳ್ಳಿ ಸೊಪ್ಪೆಂದರೆ ಸುಯೆಗೆ ಪ್ರಾಣ. ಆದರೂ ಕೇಳದೆ ತಿಂದಳು.

"ಅಂಗಡಿ ಮುಚ್ತಾರಾ?"

"ಇನ್ನೇನ್ ಮಾಡ್ತಾರೆ? ಅಲ್ಲಿ ಆಕಾಶ ತೆಗೆದ್ರು, ಇಲ್ಲಿ ನಮ್ಮ ಬಾಗಿಲು ಹಾಕಿದ್ರು."

ಈಗ ಹೇಳು, ಎಂದುಕೊಂಡಳು ಸುಯೆ. ಇನ್ನೊಮ್ಮೆ ಈ ಗಂಟೆ ಸಿಗದು. ಕೈಚೀಲದ ಬಾಯಿ ತೆರೆದಳು. ಬೆರಳಿಗೆ ಬಿಳಿ ಬಟ್ಟೆಯ ಗಂಟು ತಗುಲಿತು.

ನೊರಿಯೆ ಕಟ್ಟೆ ಒರೆಸುವ ನೆಪದಲ್ಲಿ ಬಗ್ಗಿದಳು.

"ಅಮ್ಮಾ."

ಇಷ್ಟು ವರ್ಷಗಳಲ್ಲಿ ಅದೇ ಮೊದಲು.

"ಇನ್ಮೇಲೆ ನೀನು ಬರೋದು ಬೇಡ. ವಸಂತಕ್ಕೆ ನಾನೇ ಬರ್ತೀನಿ. ಗಂಡ ಹೋದ, ಅಂಗಡೀನೂ ಹೋಯ್ತು. ಅಪ್ಪ ಬೈದ್ರೆ ಬೈಸ್ಕೋತೀನಿ. ನೀನೊಬ್ಳು ಇದ್ದೀಯಲ್ಲ, ಸಾಕು ಈ ಜೀವಕ್ಕೆ."

ಸುಯೆಯ ಬೆರಳು ಬಿಳಿ ಬಟ್ಟೆಯ ಮೇಲೆ ಹಾಗೇ ನಿಂತಿತು. ಮೆಲ್ಲಗೆ ಹೊರಬಂದಿತು. ಕೈಚೀಲ ಮುಚ್ಚಿಕೊಂಡಿತು.

"ಮನೆಗೆ ಬರ್ಬೇಡ. ಆ ಮನುಷ್ಯ ಹಾಗೇ ಇದ್ದಾನೆ, ಬಂಡೆ. ನೀನು ಬರೋ ದಿನ ತಿಳಿಸು, ಎಲ್ಲಿಗಂತ ವಿಳಾಸ ಬರ್ಕೊಡ್ತೀನಿ. ರೈಲು ನಿಲ್ದಾಣಕ್ಕೆ ನಾನೇ ಬರ್ತೀನಿ. ಆ ಜನದಲ್ಲಿ ನನ್ನ ಗುರುತು ಹಿಡೀತೀಯಾ?"

"ಈ ಮಚ್ಚೆ ಸಾವಿರ ಜನದಲ್ಲೂ ಸಿಗುತ್ತೆ," ಎಂದು ನೊರಿಯೆ ಅವಳ ಗದ್ದಕ್ಕೆ ಕೈ ಚಾಚಿದಳು.

ಸುಯೆ ಸರಕ್ಕನೆ ಹಿಂದೆ ಸರಿದಳು. "ಮುಟ್ಬೇಡ. ಕೈಯೆಲ್ಲ ಸಾರು."

ನೊರಿಯೆಯ ಮುಖ ಬಾಡಿತು. ಮೈಕಿನಲ್ಲಿ ಕರೆ ಬಂತು. ಸುಯೆ ವಿಳಾಸ ಗೀಚಿದ ಚೀಟಿಯನ್ನು ಬಟ್ಟಲಿನಡಿ ಸಿಕ್ಕಿಸಿ, ತಿರುಗಿ ನೋಡದೆ ನಡೆದಳು.

ವಿಮಾನ ಮೇಲೇರಿದ ಮೇಲೆ ಬಿಸಿ ಒದ್ದೆ ಬಟ್ಟೆ ಹಂಚಿದರು. ಸುಯೆ ಮುಖ ಒತ್ತಿ ಒರೆಸಿಕೊಂಡಳು.

"ಅಯ್ಯೋ ಅಜ್ಜಿ, ನಿಮ್ಮ ಮಚ್ಚೆ ಬಟ್ಟೆಗೇ ಬಂದ್ಬಿಡ್ತು!" ಇಕು ಬಾಯಿ ಬಿಟ್ಟಳು.

"ಅದು ನಂದಲ್ಲ ಕಣೆ, ನಮ್ಮಕ್ಕಂದು. ಮಿಕ್ಕಿದ್ದೆಲ್ಲ ನಾವಿಬ್ರೂ ಒಂದೇ ಅಚ್ಚು. ಅವಳಿಗೆ ಈರುಳ್ಳಿ ಸೊಪ್ಪು ಕಂಡ್ರೆ ಆಗ್ತಿರ್ಲಿಲ್ಲ."

ಮುದುಕಿಗೆ ಅರಳುಮರಳು ಎಂದುಕೊಂಡು ಇಕು ಕಣ್ಣು ಮುಚ್ಚಿದಳು. ಸುಯೆ ಕಾಡಿಗೆ ಕಡ್ಡಿಯನ್ನು ಕರವಸ್ತ್ರದಲ್ಲಿ ಸುತ್ತಿ ಜೋಪಾನವಾಗಿಟ್ಟಳು. ವಸಂತಕ್ಕೆ ಬೇಕು. ಅದರ ಮುಂದಿನ ವಸಂತಕ್ಕೂ, ತಾನಿರುವ ತನಕವೂ. ಯಾರಿಗೂ ಹೇಳುವ ಮಾತಲ್ಲ ಅದು. ಆಮೇಲೆ ಕೈಚೀಲ ಅಲುಗದಂತೆ ಮಡಿಲಿಗೆಳೆದುಕೊಂಡಳು.

ಅದರೊಳಗೆ, ಮೂರು ಶರತ್ಕಾಲಗಳ ಹಿಂದೆ ಚಿತಾಗಾರದ ಬೂದಿಯಿಂದ ತಂಗಿ ಕಡ್ಡಿಗಳಲ್ಲಿ ಆಯ್ದ ನಾಲ್ಕು ಮೂಳೆಯಾಗಿ, ನೊರಿಯೆಯ ತಾಯಿ ಈ ಸಲವೂ ಮಗಳ ಕೈ ಸೇರದೆ ಪ್ಯಾರಿಸ್ ನೋಡಲು ಹೊರಟಿದ್ದಳು.